ಹೆಸರಿಲ್ಲದ ಆಟಗಾರರು – ಏಳನೆಯ ಕಂತು: ಶವಾಗಾರದ ಎಡ ಮೊಣಕೈ

"ಮುಖ ಆಮೇಲೆ ನೋಡ್ತೀನಿ," ಎಂದ ಮುರೊಗಾ. "ಮೊದಲು ಎಡಗೈ ತೋರಿಸಿ."

ಇನ್ಸ್‌ಪೆಕ್ಟರ್ ನುಕಾಗಾ ಹುಬ್ಬು ಗಂಟಿಕ್ಕಿದ. ಶವಾಗಾರಕ್ಕೆ ಬಂದು ಮುಖ ಬೇಡ, ಕೈ ತೋರಿಸಿ ಎನ್ನುವವರನ್ನು ಅವನು ಕಂಡಿರಲಿಲ್ಲ. ಆದರೂ ಕೆಲಸದವನಿಗೆ ಕಣ್ಸನ್ನೆ ಮಾಡಿದ.

ಹಿಂದಿನ ಸಂಜೆ ಮಿನಾಹಾಮಾ ಬಂದರಿನ ಅಲೆತಡೆ ಗೋಡೆಯ ಬಂಡೆಗಳ ನಡುವೆ ಸಿಕ್ಕ ಹೆಣ ಅದು. ಮೈಮೇಲೆ ಪೆಲಿಕನ್ಸ್ ಬೇಸ್‌ಬಾಲ್ ತಂಡದ ನೀಲಿ ಜಾಕೆಟ್ಟು. ಬೆನ್ನ ಮೇಲೆ ಬಿಳಿ ದಾರದಲ್ಲಿ ಹೊಲಿದ ಹೆಸರು: ಉಸಾಮಿ. ವಾರದಿಂದ ಪತ್ತೆಯಿಲ್ಲದ ಉಸಾಮಿ ಕೊಹೆಯ್, ಒಂದು ಕಾಲದಲ್ಲಿ ಆ ತಂಡಕ್ಕೆ ಎಡಗೈಯಲ್ಲಿ ಚೆಂಡು ಎಸೆಯುತ್ತಿದ್ದ ಪಿಚರ್.

ಹೊರಗೆ ಬೆಂಚಿನ ಮೇಲೆ ಅವನ ಒಬ್ಬಳೇ ಮಗಳು ಚಿಹಾರು ಕೂತಿದ್ದಳು. "ಮುರೊಗಾ ಮಾಮ, ನನ್ನ ಕೈಲಿ ಆಗಲ್ಲ. ನೀವೇ ನೋಡ್ಕೊಂಡು ಬನ್ನಿ," ಎಂದು ಅವನ ಕೋಟಿನ ತೋಳು ಹಿಡಿದು, ಬಿಟ್ಟಿದ್ದಳು.

ಬಟ್ಟೆ ಸರಿಯಿತು. ಮುರೊಗಾ ಬಗ್ಗಿ ಆ ಎಡಗೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ತಣ್ಣಗಿತ್ತು, ಭಾರವಾಗಿತ್ತು. ಮೊಣಕೈಯ ಒಳಬದಿಯನ್ನು ದೀಪದ ಕಡೆಗೆ ತಿರುಗಿಸಿದ. ಹೆಬ್ಬೆರಳಿನಿಂದ ಒಮ್ಮೆ ಸವರಿದ. ಮತ್ತೊಮ್ಮೆ ಸವರಿದ.

ನುಣುಪಾಗಿತ್ತು. ಏನೂ ಇರಲಿಲ್ಲ.

ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟ. ಮಂಚದ ಅಂಚು ಹಿಡಿದುಕೊಂಡ.

"ಇವನಲ್ಲ," ಎಂದ. "ಇನ್ಸ್‌ಪೆಕ್ಟ್ರೇ, ಇವನು ಉಸಾಮಿ ಅಲ್ಲ."

"ಮುಖಾನೇ ನೋಡಿಲ್ವಲ್ಲ ನೀವು?"

"ಮುಖ ಬಂಡೆಗೆ ಸಿಕ್ಕಿ ಏನಾಗಿದೆಯೋ ಏನೋ. ಮೊಣಕೈ ಸುಳ್ಳು ಹೇಳಲ್ಲ. ತಂಡಕ್ಕೆ ಸೇರಿದ ನಾಲ್ಕನೇ ವರ್ಷ ಉಸಾಮಿಯ ಎಡ ಮೊಣಕೈ ಕೊಯ್ದು, ಬಲ ಮಣಿಕಟ್ಟಿಂದ ಒಂದು ಸ್ನಾಯು ಎಳೆ ತೆಗೆದು ಇಲ್ಲಿ ಕಟ್ಟಿದ್ರು. ಇಷ್ಟುದ್ದ ಕಲೆ. ಮಳೆಗಾಲದಲ್ಲಿ ಜರಿಹುಳ ಥರ ಕೆಂಪಗೆ ಏಳ್ತಿತ್ತು. ಅವನ ಚೆಂಡು ಹಿಡಿದು ಹಿಡಿದು ನನ್ನ ಅಂಗೈ ಊದ್ಕೊಂಡಿದೆ, ಅವನ ಕೈ ನನಗೆ ಗೊತ್ತಿಲ್ವಾ?"

ನುಕಾಗಾ ಕುತೂಹಲದಿಂದ ಅವನನ್ನೇ ನೋಡಿದ. "ನೀವೂ ಪೆಲಿಕನ್ಸ್‌ಗೆ ಆಡಿದೋರಾ? ನಾನು ಹುಟ್ಟಿದಾಗಿಂದ ಪೆಲಿಕನ್ಸ್ ಅಭಿಮಾನಿ. ಮುರೊಗಾ... ಮುರೊಗಾ... ಹೆಸರೇ ಕೇಳಿಲ್ವಲ್ಲ?"

"ಮೂರನೇ ಕ್ಯಾಚರ್ ಸಾರ್. ಮೊದಲನೆಯವನಿಗೆ ಗಾಯ ಆಗಿ, ಎರಡನೆಯವನಿಗೆ ಹೊಟ್ಟೆನೋವು ಬಂದ್ರೆ ನನ್ನ ಕರೀತಿದ್ರು. ಇಬ್ಬರೂ ಗಟ್ಟಿ ಆಳುಗಳು."

ಇನ್ಸ್‌ಪೆಕ್ಟರ್ ನಗಬಾರದೆಂದು ಎಷ್ಟು ಬಿಗಿಹಿಡಿದರೂ ತುಟಿ ಜಾರಿತು. ಬಳಿಕ ಗಂಭೀರನಾಗಿ ಹೆಣದ ಅಂಗೈ ಬಿಡಿಸಿದ. ಅಡ್ಡಡ್ಡಕ್ಕೆ ಬಿಳಿಯ ಹಳೆಯ ಗೀರುಗಳು, ಒಂದರ ಮೇಲೊಂದು. ಹಗ್ಗ ಎಳೆದೂ ಎಳೆದೂ ಆದ ಗೀರು.

"ಮೀನುಗಾರನ ಕೈ," ಎಂದ ಮುರೊಗಾ.

"ನನಗೂ ಹಾಗೇ ಅನ್ನಿಸ್ತು. ಆದ್ರೆ ಕೇಳಿ. ಇವನ ತಲೆ ಹಿಂದೆ ಒಂದು ಪೆಟ್ಟಿದೆ. ಬಂಡೆಯದೋ ಮನುಷ್ಯನದೋ ಡಾಕ್ಟ್ರು ಇನ್ನೂ ಹೇಳಿಲ್ಲ. ಇವನು ಉಸಾಮಿ ಅಲ್ಲ ಅಂದ್ರೆ ಅವನ ಜಾಕೆಟ್ಟು ಇವನ ಮೈಮೇಲೆ ಹೇಗೆ ಬಂತು? ನಿನ್ನೆವರೆಗೂ ನಿಮ್ಮ ಗೆಳೆಯನನ್ನ ಕಾಣೆಯಾದೋನು ಅಂತ ಹುಡುಕ್ತಿದ್ದೆ. ಇವತ್ತಿಂದ ಬೇರೆ ಥರ ಹುಡುಕಬೇಕಾಗುತ್ತೆ."

ಆ ಮಾತನ್ನು ಮುರೊಗಾ ಆಮೇಲೆ ಯೋಚಿಸಲೆಂದು ಒಂದು ಮೂಲೆಗಿಟ್ಟ. ಈಗ ಹೊರಗೆ ಒಂದು ಜೀವ ಕಾಯುತ್ತಿತ್ತು.

ಬಾಗಿಲು ತೆರೆದದ್ದೇ ಚಿಹಾರು ಎದ್ದು ನಿಂತಳು. ಅವನು ತಲೆ ಅಡ್ಡ ಆಡಿಸಿದ. ಅವಳು ಅದನ್ನು ತಪ್ಪಾಗಿ ತಿಳಿದು ಕೂಗಲು ಬಾಯಿ ತೆರೆದಳು.

"ಅಲ್ಲಮ್ಮ! ಅಲ್ಲ ಅಂತ ಹೇಳಿದ್ದು. ನಿಮ್ಮಪ್ಪ ಅಲ್ಲ. ಬೇರೆ ಯಾರೋ."

ಚಿಹಾರು ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ನಗುತ್ತಾಳೋ ಅಳುತ್ತಾಳೋ ಅವಳಿಗೇ ತಿಳಿಯದಂತೆ ಭುಜ ಕುಲುಕತೊಡಗಿತು. ಮುರೊಗಾ ಮೂಲೆಯ ಯಂತ್ರದಿಂದ ಬಿಸಿ ಜೋಳದ ಸೂಪಿನ ಡಬ್ಬಿ ತೆಗೆದು ಅವಳ ಕೈಗಿಟ್ಟ. ಅವಳು ಕುಡಿಯಲಿಲ್ಲ, ಕೆನ್ನೆಗೆ ಒತ್ತಿಕೊಂಡಳು.

"ಮಾಮ, ಯಾರೋ ಸತ್ತಿದಾರೆ, ನಂಗೆ ಖುಷಿ ಆಗ್ತಿದೆ. ಪಾಪ ಅಲ್ವಾ?"

"ಈ ಸೂಪ್ ಕುಡಿಯೋವರೆಗೂ ಖುಷಿ ಪಡು. ಆಮೇಲೆ ಪಾಪ ಅನ್ನು."

ಅವಳ ಅಪ್ಪ ಆಟದಿಂದ ನಿವೃತ್ತನಾದ ಮೇಲೂ ಪೆಲಿಕನ್ಸ್‌ನಲ್ಲೇ ಉಳಿದಿದ್ದ. ಬ್ಯಾಟುಗಾರರ ಅಭ್ಯಾಸಕ್ಕೆ ಚೆಂಡು ಎಸೆಯುವ ಕೆಲಸ. ಒಂದು ಕಾಲದಲ್ಲಿ ಹೊಡೆಸಿಕೊಳ್ಳಬಾರದೆಂದು ಎಸೆದವನು, ಆಮೇಲೆ ದಿನವಿಡೀ ಚೆನ್ನಾಗಿ ಹೊಡೆಯಲೆಂದೇ ಎಸೆದ. ಫೆಬ್ರವರಿ ಮೊದಲಿಗೆ ತಂಡ ದಕ್ಷಿಣದ ದ್ವೀಪಕ್ಕೆ ಶಿಬಿರಕ್ಕೆ ಹೋಗುತ್ತದೆ. ಈ ಸಲ ಉಸಾಮಿ "ಭುಜ ನೋವಿದೆ, ತಡವಾಗಿ ಹೋಗ್ತೀನಿ" ಎಂದು ಮಗಳಿಗೆ ಹೇಳಿ ಚೀಲ ಹೊತ್ತು ಹೊರಟಿದ್ದ. ಶಿಬಿರದ ಹೋಟೆಲಿಗೆ ಫೋನು ಮಾಡಿದರೆ, ಬಂದೇ ಇಲ್ಲ ಎಂದಿದ್ದರು.

ಅವನನ್ನು ಕೊನೆಗೆ ಕಂಡವಳು ಮೀನು ಮಾರುಕಟ್ಟೆಯ ಹೆಂಗಸು. ಹಳೆಯ ಜೊತೆಗಾರ ಹೊಸೊಯಾನ ಅಂಗಡಿಯ ಹಿಂದೆ ಇಬ್ಬರೂ ಕೂಗಾಡುತ್ತಿದ್ದರಂತೆ. ಹೊಸೊಯಾನನ್ನು ಕೇಳಿದರೆ, ಡಿಸೆಂಬರಿನ ಗೆಳೆಯರ ಕೂಟವಾದ ಮೇಲೆ ಉಸಾಮಿಯ ಮುಖವನ್ನೇ ನೋಡಿಲ್ಲವೆಂದು ಸಾಧಿಸಿದ್ದ.

ಸುಳ್ಳು ಹೇಳುವಾಗ ಹೊಸೊಯಾ ಮೂಗು ಸೇದುತ್ತಾನೆ. ಅದು ಮುರೊಗಾನಿಗೆ ತಂಡದ ಹಾಸ್ಟೆಲಿನಿಂದಲೂ ಗೊತ್ತು. ಅವತ್ತು ಮೂಗು ಸೇದಿದವನಿಗೆ ನೆಗಡಿಯೇ ಇರಲಿಲ್ಲ.

* * *

ಬೇಸ್‌ಬಾಲಿನಲ್ಲಿ ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ಚೆಂಡು ತಡೆಯುವ ಶಾರ್ಟ್‌ಸ್ಟಾಪ್ ಜಾಗಕ್ಕೆ ಆರನೆಯ ನಂಬರು; ಹೊಸೊಯಾ ಆಡುತ್ತಿದ್ದದ್ದು ಅಲ್ಲೇ. ಕೋಸಿನ ದಪ್ಪ ದೋಸೆಯಂಥ ಒಕೊನೊಮಿಯಾಕಿ ಮಾರುವ ಅವನ ಅಂಗಡಿಗೂ ಅದೇ ಹೆಸರು, 'ಆರನೇ ನಂಬರ್'. ಮಧ್ಯಾಹ್ನದ ಹೊತ್ತು, ಬಂದರಿನ ಕೆಲಸಗಾರರು ಹಸಿದು ಬರುವ ಸಮಯ. ಆದರೂ ಅಂಗಡಿ ತೆರೆದಿದೆ ಎಂದು ಸಾರುವ ಬಾಗಿಲ ಪರದೆ ತೂಗುಹಾಕಿರಲಿಲ್ಲ.

"ನೀನು ಕಾರಲ್ಲೇ ಇರು," ಎಂದ ಮುರೊಗಾ.

"ಅರ್ಧ ಗಂಟೆ ಇರ್ತೀನಿ," ಎಂದಳು ಚಿಹಾರು. ಅವಳ ಅಮ್ಮನೂ ಹೀಗೇ ಒಪ್ಪಿಕೊಂಡಂತೆ ಹೇಳಿ ತನಗೆ ಬೇಕಾದದ್ದೇ ಮಾಡುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅಪ್ಪ, ಮಗಳು ಇಬ್ಬರೇ.

ಮುರೊಗಾ ಬಾಗಿಲು ಬಡಿದ.

"ಇವತ್ತು ರಜೆ!" ಒಳಗಿನಿಂದ ಹೊಸೊಯಾನ ದನಿ.

"ತೆಗಿಯೋ, ನಾನು."

"ನಿಂಗೂ ರಜೆ ಕಣೋ."

"ಒದ್ದು ತೆಗೀಲಾ, ನೀನೇ ತೆಗೀತೀಯಾ?"

ಬಾಗಿಲು ಅರ್ಧ ಸರಿಯಿತು. ಹೊಸೊಯಾ ಹೊಟ್ಟೆ ಬೆಳೆಸಿದ್ದರೂ ಪಾದ ಮಾತ್ರ ಈಗಲೂ ಹಗುರ. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ಅಡ್ಡ ನಿಲ್ಲುತ್ತಿದ್ದ. ಬಲ ಅಂಗೈಗೆ ದಪ್ಪನೆ ಪಟ್ಟಿ ಸುತ್ತಿತ್ತು.

"ಏನದು ಕೈಗೆ?"

"ಕಾವಲಿ ಮೇಲೆ ಊರಿಬಿಟ್ಟೆ. ಅದಕ್ಕೇ ಅಂಗಡಿ ಮುಚ್ಚಿರೋದು. ಸರಿ, ನೋಡಿದ್ಯಲ್ಲ, ಹೊರಡು."

ಮುರೊಗಾ ಅವನ ಕಂಕುಳಡಿ ನುಸುಳಿ ಒಳಗೆ ಹೋಗಿ ಕೂತ. ಎದುರಿನ ಗೋಡೆಯಲ್ಲಿ ಹಾಸ್ಟೆಲಿನ ಹಳೆಯ ಗುಂಪು ಚಿತ್ರ. ಎರಡನೆಯ ದರ್ಜೆ ತಂಡದ ಹುಡುಗರು, ಬೋಳುತಲೆ, ಅಗಲ ಕಿವಿ. ಅವರಲ್ಲೊಬ್ಬ ಈಗ ಟ್ಯಾಕ್ಸಿ ಓಡಿಸುತ್ತಾನೆ. ಒಬ್ಬ ದ್ವೀಪದಲ್ಲಿ ಕಿತ್ತಳೆ ಬೆಳೆಯುತ್ತಾನೆ. ಒಬ್ಬ ಮಾವನ ಮನೆಯ ದೇಗುಲ ಸೇರಿ ಸತ್ತವರಿಗೆ ಮಂತ್ರ ಹೇಳುತ್ತಾನೆ. ಹೊಸೊಯಾ ಮೊದಲ ದರ್ಜೆಯಲ್ಲಿ ಹೊಡೆದದ್ದು ಒಂದೇ ಒಂದು ಹಿಟ್. ಗಿರಾಕಿಗಳಿಗೆ ಆ ಕಥೆ ಹೇಳಿದಷ್ಟೂ ಚೆಂಡು ವರ್ಷದಿಂದ ವರ್ಷಕ್ಕೆ ದೂರ ಹೋಗುತ್ತಿತ್ತು. ಈಗೀಗ ಅದು ಬೇಲಿಗೆ ತಗಲುತ್ತದೆ.

ಚಿತ್ರದ ಕೊನೆಯಲ್ಲಿ, ಎಲ್ಲರಿಗಿಂತ ಒಂದು ಹೆಜ್ಜೆ ಹಿಂದೆ, ಕತ್ತು ತಗ್ಗಿಸಿ ನಿಂತವನು ಉಸಾಮಿ. ಅವನು ಯಾವ ಚಿತ್ರದಲ್ಲೂ ನೇರ ನೋಡಿದವನಲ್ಲ.

ಮುರೊಗಾನ ಕಣ್ಣು ಗೋಡೆಯಿಂದ ಇಳಿದು ಅಡುಗೆ ಕಟ್ಟೆಗೆ ಬಂತು. ಅಲ್ಲಿ ದೊಡ್ಡ ಬೋಗುಣಿ. ಬೋಗುಣಿಯ ತುಂಬ ಹೆಚ್ಚಿದ ಎಲೆಕೋಸು, ಶಾವಿಗೆಯಂತೆ ಸಣ್ಣಗೆ, ಇನ್ನೂ ನೀರು ಆರದೆ ಹೊಳೆಯುತ್ತಿತ್ತು.

"ಕೋಸು ಯಾರು ಹೆಚ್ಚಿದ್ರೋ?"

"ನಾನೇ."

"ಬಲಗೈ ಸುಟ್ಕೊಂಡಿದೀಯ."

"ಎಡಗೈಲಿ ಹೆಚ್ಚಿದೆ," ಎಂದು ಹೊಸೊಯಾ ಮೂಗು ಸೇದಿದ.

ಮುರೊಗಾ ಎದ್ದು ಹಲಗೆಯ ಬಳಿ ಹೋದ. ಚಾಕು ಹಲಗೆಯ ಎಡಕ್ಕಿತ್ತು, ಹಿಡಿ ಎಡಗೈಗೆ ಎಟಕುವಂತೆ. ಇನ್ನರ್ಧ ಕೋಸು ಬಲಕ್ಕೆ. ಅವನು ಚಾಕು ತೆಗೆದು ಹೊಸೊಯಾನ ಎಡಗೈಗೆ ಕೊಟ್ಟ.

"ಹೆಚ್ಚು, ನೋಡೋಣ."

"ಹುಚ್ಚಾ ನಿಂಗೆ?"

"ಹೆಚ್ಚೋ."

ಹೊಸೊಯಾ ಹಲ್ಲು ಕಚ್ಚಿ ಚಾಕು ಊರಿದ. ಕೋಸಿನ ತುಂಡೊಂದು ಹೋಳಿಗೆಯ ದಪ್ಪಕ್ಕೆ ಸೀಳಿ, ನೆಗೆದು, ಸಾಸಿನ ಬಾಟಲಿಗೆ ಬಡಿದು ನೆಲಕ್ಕೆ ಬಿತ್ತು. ಇಬ್ಬರೂ ಅದನ್ನೇ ನೋಡಿದರು.

"ಆ ಬೋಗುಣಿಯದು ಎಡಚನ ಕೆಲಸ," ಎಂದ ಮುರೊಗಾ. "ನಿನ್ನ ಅಂಗಡೀಲಿ ಎಡಚ ಯಾರಿದಾನೆ?"

"ಕೂಲಿಗೆ ಒಬ್ಬನ್ನ ಕರ್ಕೊಂಡಿದ್ದೆ. ಹೋದ."

"ಮುಚ್ಚಿದ ಅಂಗಡಿಗೆ ಕೂಲಿಯವನಾ?" ಮುರೊಗಾ ಅವನ ಕೈಯಿಂದ ಚಾಕು ತೆಗೆದು ಹಲಗೆಯ ಮೇಲಿಟ್ಟ. ಆಮೇಲೆ ತಣ್ಣಗೆ ಹೇಳಿದ: "ನಿನ್ನೆ ಅಲೆತಡೆ ಹತ್ರ ಒಂದು ಹೆಣ ಸಿಕ್ಕಿದೆ ಹೊಸೊಯಾ. ಉಸಾಮಿ ಹೆಸರಿನ ಜಾಕೆಟ್ಟಿತ್ತು. ತಲೆಗೆ ಪೆಟ್ಟು ಬಿದ್ದಿದೆ. ಅವನ ಜೊತೆ ಕೊನೇಲಿ ಜಗಳ ಆಡಿದೋನು ನೀನು."

ಮುಂದಿನದನ್ನು ಅವನು ಹೇಳಲಿಲ್ಲ. ಹೊಸೊಯಾನ ಮುಖವನ್ನೇ ನೋಡುತ್ತ ಕಾದ. ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಎರಡು ತುದಿಯಲ್ಲಿ ಮಲಗಿದ ಗೆಳೆಯ. ಇವನೇ ಆಗಿದ್ದರೆ? ವಾರದಿಂದ ಆ ಒಂದು ಪ್ರಶ್ನೆ ಮುರೊಗಾನನ್ನು ಬಿಟ್ಟಿರಲಿಲ್ಲ.

ಹೊಸೊಯಾ ಬಿಳಿಚಿಕೊಳ್ಳಲಿಲ್ಲ. ಬೆವರಲಿಲ್ಲ. ಪೂರ್ತಿ ಪೆದ್ದನಂತೆ ಬಾಯಿ ಬಿಟ್ಟ.

"ಹೆಣಾನಾ? ಸಾಧ್ಯಾನೇ ಇಲ್ಲ."

"ಯಾಕೆ ಸಾಧ್ಯ ಇಲ್ಲ?"

"ಯಾಕಂದ್ರೆ..." ಎಂದ ಹೊಸೊಯಾ. ಅವನ ಕಣ್ಣು ತನ್ನಷ್ಟಕ್ಕೇ ಮೇಲಿನ ಅಟ್ಟದ ಕಡೆ ಹೊರಳಿತು.

ಅಷ್ಟೇ ಸಾಕಾಯಿತು. ಮುರೊಗಾ ಅಡುಗೆ ಕಟ್ಟೆಗೆ ಒರಗಿ ಜೋರಾಗಿ ನಕ್ಕ. ನಗು ಬಂದದ್ದಕ್ಕಿಂತ ಹೆಚ್ಚಾಗಿ ಉಸಿರು ಬಂದಿತ್ತು.

"ಇಳಿದು ಬಾರೋ ಉಸಾಮಿ!" ಅವನು ಅಟ್ಟದ ಕಡೆಗೆ ಕೂಗಿದ. "ನಿನ್ನ ಹೆಣ ನೋಡಿ ಬಂದು ಸುಸ್ತಾಗಿದೆ ನಂಗೆ!"

ಏಣಿಮೆಟ್ಟಿಲು ಕಿರುಗುಟ್ಟಿತು. ಮೊದಲು ಕಂಡದ್ದು ಹೊಸೊಯಾನ ಹಳೆಯ ಪೈಜಾಮ, ಹಿಂಭಾಗದಲ್ಲಿ ಸಡಿಲ, ಕೆಳಗೆ ಗಿಡ್ಡ. ಆಮೇಲೆ ಉದ್ದ ತೋಳು. ತಗ್ಗಿಸಿದ ಕತ್ತು. ತೋಳು ಮಡಚಿದ ಎಡ ಮೊಣಕೈಯ ಒಳಗೆ ಹಳೆಯ ಜರಿಹುಳದಂಥ ಕಲೆ.

"ಕ್ಷಮಿಸೋ," ಎಂದ ಉಸಾಮಿ.

"ನನ್ನನ್ನ ಕೇಳಬೇಡ. ಕ್ಷಮಿಸಬೇಕಾದೋಳು ಕಾರಲ್ಲಿದಾಳೆ."

ಕಾರಲ್ಲಿರಲಿಲ್ಲ. ಬಾಗಿಲಲ್ಲೇ ನಿಂತಿದ್ದಳು. ಚಿಹಾರು ಒಳಗೆ ಬಂದು, ಕೈಚೀಲದಿಂದ ಅಪ್ಪನ ಭುಜಕ್ಕೆ ಒಂದು ಬಾರಿಸಿದಳು. ಇನ್ನೊಂದು. ಮೂರನೆಯದಕ್ಕೆ ಎತ್ತಿದ ಚೀಲ ಕೈಯಿಂದ ಜಾರಿತು. ಅವಳು ಅಪ್ಪನ ಎದೆಗೆ ಹಣೆ ಊರಿ ನಿಂತಳು.

"ಆ ಭುಜ ಬೇಡಮ್ಮ," ಎಂದ ಹೊಸೊಯಾ ಮೆಲ್ಲಗೆ. "ಅದೇ ಕೆಟ್ಟಿರೋದು."

* * *

ಕಾವಲಿ ಕಾಯಿತು. ಹೊಸೊಯಾನ ಕೈ ಸುಟ್ಟಿದ್ದರಿಂದ ಉಸಾಮಿಯೇ ಮೊಗಚೆಕೈ ಹಿಡಿದ. ಹಿಟ್ಟು, ಕೋಸು, ಮೊಟ್ಟೆ, ಮೇಲೆ ಹಂದಿ ಮಾಂಸದ ಎಳೆ. ಎಡಗೈಯಲ್ಲಿ ಹರಡಿ, ಎಡಗೈಯಲ್ಲೇ ಮಗುಚಿದ. ಭುಜ ಎತ್ತಲಾಗದೆ ಮೊಣಕೈಯಿಂದಲೇ ಕೆಲಸ ಸಾಗಿಸುತ್ತಿದ್ದ.

ವಿಷಯ ಚಿಕ್ಕದಾಗಿತ್ತು. ಶರತ್ಕಾಲದಲ್ಲೇ ಪೆಲಿಕನ್ಸ್ ಅವನನ್ನು ಕಳಿಸಿಬಿಟ್ಟಿತ್ತು. ಬೈದು ಕಳಿಸಿರಲಿಲ್ಲ, ಹೂಗುಚ್ಛ ಕೊಟ್ಟು ಕಳಿಸಿತ್ತು. ಭುಜ ಏಳದ ಎಸೆತಗಾರನಿಂದ ಬ್ಯಾಟುಗಾರರಿಗೆ ಏನುಪಯೋಗ?

"ಹೇಳಬಾರದಿತ್ತಾ ಅಪ್ಪ?" ಎಂದಳು ಚಿಹಾರು.

"ಏಪ್ರಿಲ್‌ನಲ್ಲಿ ನಿನ್ನ ಮದುವೆ. ಹುಡುಗನ ಮನೇಲಿ ನಿಮ್ಮ ತಂದೆ ಏನು ಮಾಡ್ತಾರೆ ಅಂದಾಗ, ಪೆಲಿಕನ್ಸ್‌ನಲ್ಲಿದಾರೆ ಅಂತ ನೀನು ಎಷ್ಟು ಜಂಬದಿಂದ ಹೇಳಿದ್ದೆ! ಅದು ಸುಳ್ಳಾಗ್ಬಾರದು ಅಂತ. ಮದುವೆ ಮುಗಿಯೋವರೆಗೂ ಹೇಗೋ ತಳ್ಳೋಣ, ಅಷ್ಟರಲ್ಲಿ ಬೇರೆ ಕೆಲಸ ನೋಡ್ಕೊಳ್ಳೋಣ ಅಂತ."

"ನಾನೂ ಅದನ್ನೇ ಬೈದಿದ್ದು," ಎಂದ ಹೊಸೊಯಾ. "ಮಗಳಿಗೆ ಹೇಳೋ ಮುಠ್ಠಾಳ ಅಂತ. ಊರೆಲ್ಲ ಕೇಳಿಸೋ ಹಾಗೆ ಬೈದೆ. ಕೊನೆಗೆ ಯಾರಿಗೂ ಹೇಳಲ್ಲ ಅಂತ ನನ್ನ ಕೈಲೇ ಆಣೆ ಹಾಕಿಸಿಕೊಂಡ. ಪೇಪರು ಗೀಪರು ಓದೋ ಅಭ್ಯಾಸ ನಂಗಿಲ್ಲ. ಅಲ್ಲಿ ಹೆಣ ಸಿಕ್ಕಿದ್ದು ನಂಗೇನು ಗೊತ್ತು?"

ಚಿಹಾರು ಅಪ್ಪನನ್ನು ನೋಡಿದಳು. ಅವಳ ತುಟಿಯಂಚು ನಡುಗಿತು. ಅಳು ಬರುತ್ತದೆಂದು ಮೂವರು ಗಂಡಸರೂ ಗಾಬರಿಯಾದರು. ಬಂದದ್ದು ನಗು.

"ಅಪ್ಪ, ಅವರ ಮನೇಲಿ ಯಾರೂ ಬೇಸ್‌ಬಾಲ್ ನೋಡಲ್ಲ. ಅವರೆಲ್ಲ ಫುಟ್‌ಬಾಲ್‌ನೋರು. ಪೆಲಿಕನ್ಸ್ ಅಂದಾಗ ಅವರಮ್ಮ ಏನಂದ್ರು ಗೊತ್ತಾ? 'ಓ, ಮೃಗಾಲಯದಲ್ಲಿ ಹಕ್ಕಿ ನೋಡ್ಕೊಳ್ಳೋದಾ?' ಅಂದ್ರು."

ಹೊಸೊಯಾ ಉಗುಳು ಸಿಕ್ಕಿಕೊಂಡು ಕೆಮ್ಮಿದ. ಮುರೊಗಾ ಬೆನ್ನು ಗುದ್ದಿದ. ಉಸಾಮಿ ಮೊಗಚೆಕೈ ಹಿಡಿದು ನಿಂತೇ ಬಿಟ್ಟ, ಮುಖ ಕೆಂಪೇರಿತು. ಕೊನೆಗೆ ಅವನೂ ನಕ್ಕ. ಅವನು ಹಲ್ಲು ಬಿಟ್ಟು ನಕ್ಕಿದ್ದನ್ನು ಮುರೊಗಾ ಕಂಡು ಎಷ್ಟೋ ಕಾಲವಾಗಿತ್ತು.

"ಹಾಗಾದ್ರೆ ಜಂಬ ಪಡೋದು ಅವರ ಮುಂದಲ್ಲ, ನಿನ್ನ ಮುಂದೆ ಪಡಬೇಕು," ಎಂದು ಮುರೊಗಾ ಕುರ್ಚಿ ಎಳೆದುಕೊಂಡ. "ನಿಮ್ಮಪ್ಪ ಆ ಮಳೆಯ ಆಟದ ಕಥೆ ಹೇಳಿದಾನಾ?"

"ಬಿಡೋ ಅದನ್ನ," ಎಂದ ಉಸಾಮಿ.

"ಹೇಳಿಲ್ಲ," ಎಂದಳು ಚಿಹಾರು.

"ಅವತ್ತು ನಮ್ಮ ಇಬ್ಬರು ಕ್ಯಾಚರ್‌ಗಳೂ ಹುಷಾರಿಲ್ದೆ ಮಲಗಿದ್ರು. ಅಪರೂಪಕ್ಕೆ ನಾನಿದ್ದೆ. ಮೂರನೇ ಸುತ್ತಲ್ಲೇ ನಮ್ಮ ದೊಡ್ಡ ಪಿಚರ್ ಬಡಿಸ್ಕೊಂಡ. ಮೂರೂ ಬೇಸ್‌ನಲ್ಲಿ ಓಟಕ್ಕೆ ಕಾದಿರೋ ಅವರ ಆಳು. ಒಬ್ಬನೂ ಔಟಿಲ್ಲ. ಬರೋರು ಮೂರೂ ಜನ ಲೀಗ್‌ನಲ್ಲೇ ಭಾರಿ ಹೊಡೆತಗಾರರು. ಮೇಲೆ ಮಳೆ ಹನೀತಾ ಇದೆ. ಮ್ಯಾನೇಜರ್‌ಗೆ ಯಾರೂ ಸಿಗದೆ ಉಸಾಮಿಯನ್ನ ಕಳಿಸಿದ. ಹರಕೆ ಕುರಿ ಕಳಿಸಿದ ಹಾಗೆ."

"ಆಮೇಲೆ?"

"ಮೂವರನ್ನೂ ನಿಂತಲ್ಲೇ ಔಟ್ ಮಾಡ್ದ. ಕೊನೇ ಚೆಂಡು ನನ್ನ ಗ್ಲೋವ್‌ಗೆ ಬಂದಾಗ, ನಿಜ ಹೇಳ್ತೀನಿ ಮಗಳೇ, ನೋವಾಗಲಿಲ್ಲ. ಅಷ್ಟು ವೇಗದ ಚೆಂಡು, ಅಷ್ಟು ಹಗುರವಾಗಿ ಬಂತು. ಇಡೀ ಮೈದಾನ ಎದ್ದು ನಿಂತಿತ್ತು."

"ನಾನು ಬೆಂಚ್ ಮೇಲೆ ಕುಣೀತಿದ್ದೆ," ಎಂದ ಹೊಸೊಯಾ.

"ಅಷ್ಟರಲ್ಲಿ ಮಳೆ ಸುರೀತು ನೋಡು. ಆಟ ನಿಂತೋಯ್ತು. ಐದು ಸುತ್ತು ಮುಗಿದಿರಲಿಲ್ಲ, ಅದಕ್ಕೆ ಆಟಾನೇ ಲೆಕ್ಕಕ್ಕಿಲ್ಲ ಅಂದ್ರು. ಯಾವ ದಾಖಲೇಲೂ ಅದಿಲ್ಲ. ಕಂಡೋರು ಕಂಡ ಹಾಗೆ, ಅಷ್ಟೇ."

ಚಿಹಾರು ತಟ್ಟೆ ಬದಿಗಿಟ್ಟು, ಅಪ್ಪನ ಎಡಗೈಯನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಉಸಾಮಿ ಕೈ ಹಿಂದೆಗೆಯಲು ನೋಡಿದ. ಅವಳು ಬಿಡಲಿಲ್ಲ.

ಹೊರಗೆ ದೋಣಿಯ ಸಿಳ್ಳೆ ಕೂಗಿತು. ಹೊಸೊಯಾ ಬಿಯರು ತರಲು ಎದ್ದ. ಎಲ್ಲ ಸರಿಹೋದಂತಿತ್ತು. ಮುರೊಗಾ ಉಳಿದ ಒಂದು ಕೆಲಸವನ್ನು ಆದಷ್ಟು ಹಗುರವಾಗಿ ಮುಗಿಸಲು ನೋಡಿದ.

"ಜಾಕೆಟ್ಟು ಹೇಗೆ ಕೈಬಿಡ್ತೋ? ಇನ್ಸ್‌ಪೆಕ್ಟರ್‌ಗೆ ಏನಾದ್ರೂ ಹೇಳಬೇಕು."

ಉಸಾಮಿ ಕೈ ಬಿಡಿಸಿಕೊಂಡು, ಮೊಗಚೆಕೈ ಎತ್ತಿ ಕಾವಲಿಯ ಕಡೆ ತಿರುಗಿದ. "ಮನೆ ಬಿಟ್ಟ ದಿನ ಅಲೆತಡೆ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ನಡುಗ್ತಾ ಇದ್ದ. ತೆಳುವಾದ ಬಟ್ಟೆ. ಕೊಟ್ಟುಬಿಟ್ಟೆ. ಹೇಗೂ ಇನ್ಮೇಲೆ ಪೆಲಿಕನ್ಸ್ ಜಾಕೆಟ್ಟು ನಂಗ್ಯಾಕೆ?"

"ಯಾರವನು?"

"ಯಾರೋ. ಪರಿಚಯ ಇಲ್ಲ."

ಉತ್ತರ ಸಹಜವಾಗಿಯೇ ಇತ್ತು. ಉಸಾಮಿ ಅಂಥವನೇ, ತನ್ನ ಊಟ ಬೇರೆಯವರ ತಟ್ಟೆಗೆ ಬಡಿಸಿ ಹಸಿದು ಮಲಗುವವನು. ಆದರೂ ಮುರೊಗಾನ ಮನಸ್ಸಿನಲ್ಲಿ ಏನೋ ಚುಚ್ಚಿತು. ತನ್ನ ಜಾಕೆಟ್ಟು ತೊಟ್ಟು ಒಬ್ಬ ಸತ್ತನೆಂದು ಕೇಳಿದರೆ, ಯಾರಾದರೂ ಮೊದಲು 'ಹೇಗೆ ಸತ್ತ' ಎನ್ನುತ್ತಾರೆ. 'ಅಯ್ಯೋ ಪಾಪ' ಎನ್ನುತ್ತಾರೆ. ಉಸಾಮಿ ಏನನ್ನೂ ಕೇಳಲಿಲ್ಲ.

ಇರಲಿ ಬಿಡು, ಎಂದುಕೊಂಡ ಮುರೊಗಾ. ಬದುಕಿದ್ದಾನಲ್ಲ, ಸಾಕು.

ಫೋನು ಮೊಳಗಿತು. ಮುರೊಗಾನ ಬೆರಳೆಲ್ಲ ಸಾಸು. "ಎತ್ತಮ್ಮ," ಎಂದ. ಚಿಹಾರು ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿ ಮೇಜಿನ ಮೇಲಿಟ್ಟಳು.

"ಮುರೊಗಾ ಅವರೇ," ನುಕಾಗಾನ ದನಿ. "ಹೆಣದ ಗುರುತು ಸಿಕ್ತು. ನೀವು ಹೇಳಿದ್ದೇ ಸರಿ, ಮೀನುಗಾರ. ಉತ್ತರದ ಕಡೆಯಿಂದ ಅವನ ತಾಯಿ ಬಂದಿದಾರೆ. ಮಿನಾಹಾಮಾದಲ್ಲಿ ಒಬ್ಬನ್ನ ನೋಡಬೇಕು ಅಂತ ಹೊರಟ ಮಗ ವಾಪಸ್ ಬರಲೇ ಇಲ್ಲವಂತೆ. ಮುಖ ಆ ಸ್ಥಿತೀಲಿದ್ರೂ ಆಯಮ್ಮ ಪಾದ ನೋಡಿದ ತಕ್ಷಣ ಗುರುತು ಹಿಡಿದ್ರು."

"ಪಾಪ. ಒಳ್ಳೇದಾಯ್ತು ಸಾರ್. ಇಲ್ಲೂ ಒಂದು ಒಳ್ಳೇ ಸುದ್ದಿ ಇದೆ..."

"ಮೊದಲು ನಂದು ಕೇಳಿ. ನನ್ನ ತಲೆ ಕೆಟ್ಟುಹೋಗಿದೆ. ಮಗನ ಹೆಸರು ಕೇಳಿದೆ. ಉಸಾಮಿ ಕೊಹೆಯ್ ಅಂದ್ರು."

ಚಿಹಾರು ಕಣ್ಣರಳಿಸಿದಳು. "ಅಪ್ಪನ ಹೆಸರೇ! ಒಂದೇ ಹೆಸರಿನೋರು ಇರ್ತಾರಲ್ವಾ?"

"ನಾನೂ ಹಾಗೇ ಅಂದ್ಕೊಂಡೆ ಕಣಮ್ಮ. ಆಮೇಲೆ ನೀನು ಕೊಟ್ಟ ದೂರು ಪಕ್ಕಕ್ಕಿಟ್ಟು ನೋಡ್ದೆ. ಹುಟ್ಟಿದ ಊರು ಅದೇ. ಹುಟ್ಟಿದ ದಿನ ಅದೇ. ತಂದೆ ಹೆಸರು, ತಾಯಿ ಹೆಸರು ಅದೇ." ನುಕಾಗಾ ಉಸಿರು ಎಳೆದುಕೊಂಡದ್ದು ಕೇಳಿಸಿತು. "ಇಬ್ಬರಲ್ಲ ಮುರೊಗಾ ಅವರೇ. ಒಬ್ಬನೇ. ಆ ಒಬ್ಬ ಇಲ್ಲಿ ಮಲಗಿದಾನೆ. ಹಾಗಾದ್ರೆ ನಿಮ್ಮ ತಂಡದಲ್ಲಿ ಚೆಂಡು ಎಸೀತಿದ್ದೋನು ಯಾರು?"

ಕಾವಲಿಯ ಮೇಲಿನದು ಸೀಯತೊಡಗಿತು. ಯಾರೂ ಮಗುಚಲಿಲ್ಲ. ಬಿಯರು ಹಿಡಿದ ಹೊಸೊಯಾ ಬಾಗಿಲ ನಡುವೆ ನಿಂತಿದ್ದ.

"ಅಜ್ಜಿ ಸತ್ತುಹೋಗಿದಾರೆ ಅಂದಿದ್ರಲ್ಲ ಅಪ್ಪ ನೀವು?" ಎಂದಳು ಚಿಹಾರು. ದನಿ ಚಿಕ್ಕದಾಗಿತ್ತು.

ಅವನು ಮಗಳ ಕಡೆ ನೋಡಲಿಲ್ಲ. ಮೊಗಚೆಕೈಯನ್ನು ಶಬ್ದವಾಗದಂತೆ ಕೆಳಗಿಟ್ಟ. ಮೇಜಿನ ಬಳಿ ಬಂದು ಫೋನಿನ ಮೇಲೆ ಬಗ್ಗಿದ.

"ಆ ತಾಯಿ ಒಬ್ಬರೇ ಬಂದಿದಾರಾ?" ಎಂದು ಕೇಳಿದ. "ಜೊತೇಲಿ ಇನ್ನೊಬ್ಬರು... ವಯಸ್ಸಾದ ಹೆಂಗಸು, ಗಿಡ್ಡಕ್ಕೆ, ಸ್ವಲ್ಪ ಕಾಲು ಎಳೀತಾರೆ..."

ಆ ಕಡೆ ಬಾಗಿಲೊಂದು ತೆರೆದ ಸದ್ದು.

"ಇದಾರೆ," ಎಂದ ಇನ್ಸ್‌ಪೆಕ್ಟರ್ ನಿಧಾನವಾಗಿ. "ಹೊರಗೆ ಬೆಂಚಿನ ಮೇಲೆ ಕೂತಿದಾರೆ. ನೆರೆಮನೆಯವರಂತೆ. ಅವರ ಮಗ ಹದಿನೆಂಟನೇ ವಯಸ್ಸಲ್ಲೇ ಸಮುದ್ರದ ಪಾಲಾದನಂತೆ, ಇವತ್ತಿಗೂ ಪ್ರತಿವರ್ಷ ಅವನ ತಿಥಿ ಮಾಡ್ತಾರಂತೆ. ಅದಿರಲಿ, ಇದನ್ನೆಲ್ಲ ಕೇಳೋಕೆ ನೀವ್ಯಾರ್ರೀ?"